ಅಂಬಾಸಡರ್ ಕಾರಿನ ಎಂಜಿನ್ ಬದಲಾವಣೆಗಳು: ಕಾಲನಿರ್ಣಯದ ಒಂದು ಪ್ರಶ್ನೆ

ಹಳೆಯ ದೇವಾಲಯದ ಕಾಲವನ್ನು ನಿರ್ಣಯಿಸುವಾಗ ಅಧಿಷ್ಠಾನವನ್ನೂ ಶಿಖರವನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕೆಂಬುದು ಇತಿಹಾಸದ ವಿದ್ಯಾರ್ಥಿಗಳು ಬಲ್ಲ ಮಾತು. ಅಂಬಾಸಡರ್ ಕಾರಿನ ವಿಷಯದಲ್ಲಿ ಈ ಎಚ್ಚರ ಸಾಲದಾಗಿದೆ. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ತಯಾರಿಸಿದ ಈ ಕಾರಿನ ಹೊರರೂಪ ಹೆಚ್ಚು ಬದಲಾಗಲಿಲ್ಲ; ಆದುದರಿಂದ ಅದು ಬದಲಾವಣೆಯನ್ನೇ ಕಾಣದ ವಾಹನವೆಂಬ ಭಾವನೆ ಬೇರೂರಿದೆ. ಬಾನೆಟ್ಟನ್ನು ಎತ್ತಿ ನೋಡಿದವರು ಹಾಗೆ ಹೇಳಲಾರರು.

ಇದರ ಒಡಲು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯಿಂದ ಬಂದುದು. ಆದರೆ ಮೊದಮೊದಲು ಅದರೊಳಗಿದ್ದುದು ಹಿಂದಿನ ತಲೆಮಾರಿಗೆ ಸೇರಿದ, ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದ 1476 ಘನ ಸೆಂಟಿಮೀಟರಿನ ಎಂಜಿನ್. ಹೊಸ ಒಡಲು, ಹಳೆಯ ಎಂಜಿನ್; ಕಾಲವನ್ನು ಹೇಳುವುದು ಯಾವುದನ್ನು ನೋಡಿ? 1959ರಲ್ಲಿ ಅದರ ಸ್ಥಾನಕ್ಕೆ ವಾಲ್ವುಗಳು ಮೇಲಿರುವ 1489 ಘನ ಸೆಂಟಿಮೀಟರಿನ ಬಿ.ಎಂ.ಸಿ. ಎಂಜಿನ್ ಬಂದಿತು. ಪೈಪೋಟಿಯಿಲ್ಲದ ಲೈಸೆನ್ಸ್ ಯುಗದಲ್ಲಿ ಅದೇ ದಶಕಗಳ ಕಾಲ ಸಾಗಿತು.

ಕಾರ್ಖಾನೆ ಸುಮ್ಮನಿದ್ದಾಗ ಗ್ಯಾರೇಜುಗಳು ಸುಮ್ಮನಿರಲಿಲ್ಲವೆಂಬುದೇ ಇಲ್ಲಿ ಮುಖ್ಯವಾದ ಸಂಗತಿ. 1973ರ ತೈಲ ಬಿಕ್ಕಟ್ಟಿನ ತರುವಾಯ ಪೆಟ್ರೋಲಿನ ಬೆಲೆ ಏರಿತು. ಡೀಸೆಲ್ ಅಗ್ಗವಾಗಿಯೇ ಇದ್ದಿತು. ಅನೇಕ ಟ್ಯಾಕ್ಸಿ ಮಾಲೀಕರು ಪೆಟ್ರೋಲ್ ಎಂಜಿನನ್ನು ಇಳಿಸಿ, ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ನಿನಂಥವನ್ನು ಕೂರಿಸಿಕೊಂಡರು. ಇದು ಸುಲಭದ ಕೆಲಸವಲ್ಲ. ಎಂಜಿನ್ ಕೂರುವ ಆಧಾರಗಳನ್ನು ಕತ್ತರಿಸಿ ಬೇರೆ ಕಡೆ ಬೆಸೆಯಬೇಕು. ಗೇರ್‌ಬಾಕ್ಸಿಗೆ ಜೋಡಿಸಲು ನಡುವೆ ಉಕ್ಕಿನ ತಟ್ಟೆಯೊಂದನ್ನು ಕಡೆದು ಕೂರಿಸಬೇಕು. ಹೆಚ್ಚಿದ ಭಾರವನ್ನು ಮುಂಭಾಗದ ಸಸ್ಪೆನ್ಷನ್ ಹೊರಬೇಕು. ನಕ್ಷೆಯಿಲ್ಲದೆ ಇದನ್ನು ಸಾಧಿಸಿದ ಮೇಸ್ತ್ರಿಗಳ ಹೆಸರು ಯಾವ ಕೈಗಾರಿಕಾ ಚರಿತ್ರೆಯಲ್ಲಿ ಬಂದಿದೆ? 1980ರ ಸುಮಾರಿಗೆ ಕಾರ್ಖಾನೆಯೂ ಡೀಸೆಲ್ ಮಾದರಿಯನ್ನು ಹೊರತಂದಿತು. 1990ರ ದಶಕದ ಆರಂಭದಲ್ಲಿ ಇಸುಜುವಿನ 1817 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ ಬಂದಾಗ ಗೇರಿನ ಹಿಡಿ ಸ್ಟೀರಿಂಗಿನ ಬಳಿಯಿಂದ ನೆಲಕ್ಕಿಳಿಯಿತು.

ಗ್ಯಾರೇಜಿನ ಬದಲಾವಣೆಗಳಿಗೆ ಉಳಿದಿರುವ ಲಿಖಿತ ಆಧಾರವೆಂದರೆ ಬಹುಮಟ್ಟಿಗೆ ನೋಂದಣಿ ಪುಸ್ತಕವೊಂದೇ. ಚಾಸಿಯ ಸಂಖ್ಯೆ ಹಾಗೆಯೇ ಇದ್ದು ಎಂಜಿನ್ ಸಂಖ್ಯೆಯೂ ಇಂಧನದ ಹೆಸರೂ ತಿದ್ದಲ್ಪಟ್ಟಿದ್ದರೆ ಅದೊಂದು ಶಾಸನವೇ ಸರಿ. ಹಳೆಯ ಕಾರನ್ನು ಮೂಲಸ್ಥಿತಿಗೆ ತರುವ ಉತ್ಸಾಹಿಗಳು ಈ ಡೀಸೆಲ್ ಎಂಜಿನನ್ನು ದೋಷವೆಂದು ಕಿತ್ತೊಗೆಯುವುದು, ಆದಕಾರಣ, ನನಗೆ ಒಪ್ಪಿಗೆಯಾಗದು. ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲಿನಿಂದ ನವೀಕರಣಗೊಳ್ಳುತ್ತಿಲ್ಲ. ಖಾಸಗಿ ಕಾರುಗಳೂ ಗುಜರಿ ಸೇರುತ್ತಿವೆ. ಕಾರು ಹೋದರೂ ಆ ಪುಸ್ತಕದ ಪ್ರತಿಯನ್ನಾದರೂ ನಮ್ಮ ಪತ್ರಾಗಾರಗಳು ಪಡೆದಿಟ್ಟುಕೊಳ್ಳಬೇಕು.