ಎಂಟುನೂರರ ರಬ್ಬರ್ ಪೈಪು

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗ, ಅಂಬಾಸಿಡರ್ ಬಿಚ್ಚಿ ಕೈ ಪಳಗಿದ್ದ ಮೆಕ್ಯಾನಿಕ್‌ಗಳಿಗೆ ಅದು ಹೊಸ ಪಾಠ: ಮೂರೇ ಸಿಲಿಂಡರ್, 796 ಸಿಸಿ, ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಕಾರ್ಬ್ಯುರೇಟರ್ ಇದ್ದಷ್ಟು ಕಾಲ ಸ್ಕ್ರೂಡ್ರೈವರ್ ಮತ್ತು ಕಿವಿ ಇದ್ದರೆ ಟ್ಯೂನಿಂಗ್ ಆಗುತ್ತಿತ್ತು. 2000ದ ಹೊತ್ತಿಗೆ ಎಂಪಿಎಫ್‌ಐ ಬಂತು. ಕಿವಿಯ ಜಾಗಕ್ಕೆ ಸ್ಕ್ಯಾನರ್ ಬಂತು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು, ಗಾಡಿಗಳು ನಿಲ್ಲಲಿಲ್ಲ.

ಈಗ ಬಂಕುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ಗಾಡಿಯ ರಬ್ಬರ್ ಪೈಪು, ಗ್ಯಾಸ್ಕೆಟ್ ಅದಕ್ಕಾಗಿ ಮಾಡಿದವಲ್ಲ. ಉಬ್ಬುತ್ತವೆ, ಬಿರುಕು ಬಿಡುತ್ತವೆ. ಸೋರಿದರೆ ಬೆಂಕಿಯ ಭಯ. ಹೊಸ ಕಾರು ಕೊಳ್ಳಲಾಗದೆ ಇದರಲ್ಲೇ ದಿನಾ ಓಡಾಡುವ ನಾವು ಪ್ರತಿ ಸರ್ವಿಸ್‌ಗೂ ಆ ಪೈಪುಗಳನ್ನು ನೋಡಿಸಲೇಬೇಕು. ಪೆಟ್ರೋಲ್ ವಾಸನೆ ಬಂತೇ? ಗಾಡಿ ನಿಲ್ಲಿಸಿ. ನಾಳೆ ನೋಡೋಣ ಎನ್ನುವಂತಿಲ್ಲ.