ಹತ್ತಿ ಅಂಡಿಗೆಗೆ ಹೆಸರಿತ್ತು, ಹೊತ್ತವನಿಗೆ ಇರಲಿಲ್ಲ

ಧಾರವಾಡ, ಗದಗ, ಹುಬ್ಬಳ್ಳಿ ಕಡೆಯ ಎರೆಹೊಲದ ಹತ್ತಿ ಒಂದು ಕಾಲದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೆ ಹೋಗುತ್ತಿತ್ತು. ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹಾಯಿದೋಣಿಯಲ್ಲಿ ಮುಂಬಯಿ, ಮುಂಬಯಿಯಿಂದ ದೊಡ್ಡ ಹಡಗಿನಲ್ಲಿ ಆಫ್ರಿಕಾದ ತುದಿ ಬಳಸಿ ಲಿವರ್‌ಪೂಲ್. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಲಿವರ್‌ಪೂಲ್ ಹತ್ತಿ ಪೇಟೆಯ ದರಪಟ್ಟಿಯಲ್ಲಿ ಧಾರವಾಡ, ಕುಮಟಾ ಎಂಬ ಊರಿನ ಹೆಸರುಗಳೇ ಅಚ್ಚಾಗುತ್ತಿದ್ದವು.

ಒಂದೊಂದು ಅಂಡಿಗೆ ಒಂದೂವರೆ ಕ್ವಿಂಟಲ್‌ಗಿಂತ ಭಾರ. ಅದರ ತೂಕ, ತಳಿ, ದರ ಎಲ್ಲವೂ ಲೆಕ್ಕದ ಪುಸ್ತಕ ಸೇರುತ್ತಿತ್ತು. ಅದನ್ನು ಕಬ್ಬಿಣದ ಕೊಕ್ಕೆ ಹಾಕಿ ಎಳೆದು ಗೋದಾಮಿಗೆ ಸೇರಿಸಿದವನ ಹೆಸರು ಆ ಪುಸ್ತಕದಲ್ಲಿ ಇರುತ್ತಿರಲಿಲ್ಲ.

ಹಾಗಾದರೆ ಅಂಥವನನ್ನು ಇವತ್ತು ಹುಡುಕುವುದು ಹೇಗೆ? ಲಿವರ್‌ಪೂಲಿನ ಎಷ್ಟೋ ಮನೆಗಳವರು ಈಗ ಹಮಾಲಿ ಮಾಡಿದ ತಮ್ಮ ಮುತ್ತಜ್ಜನನ್ನು ಹುಡುಕುತ್ತಿದ್ದಾರೆ. ಅವರು ಹಿಡಿಯುವ ದಾರಿಯಲ್ಲಿ ನಾವೂ ಸ್ವಲ್ಪ ದೂರ ಹೋಗಿ ಬರೋಣ. ಇಲ್ಲಿ ಬರುವ ಮುತ್ತಜ್ಜನಿಗೆ ಹೆಸರಿಡುವುದು ಬೇಡ. ಅವನು ಅಂಥ ಸಾವಿರಾರು ಜನರ ಪರವಾಗಿ ನಿಂತವನು.

ಹಿಂದಕ್ಕೆ ನಡೆಯಬೇಕು

ಮೊದಲ ನಿಯಮ: ಗೊತ್ತಿರುವವರಿಂದ ಗೊತ್ತಿಲ್ಲದವರ ಕಡೆಗೆ ಹೋಗಬೇಕು. ಅಜ್ಜಿಯನ್ನು ಕೇಳಿ, ಟ್ರಂಕಿನಲ್ಲಿರುವ ಕಾಗದ ನೋಡಿ, ಆಮೇಲೆ ಸರ್ಕಾರಿ ದಾಖಲೆ.

ಇಂಗ್ಲೆಂಡಿನಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತದೆ. 1801ರಲ್ಲೇ ಶುರುವಾದರೂ ಮನೆಯವರ ಹೆಸರು ಸಿಗುವುದು ಹೆಚ್ಚಾಗಿ 1841ರಿಂದ ಈಚೆಗೆ. ನೂರು ವರ್ಷ ತುಂಬಿದ ಮೇಲೆ ಆ ಹಾಳೆಗಳನ್ನು ಯಾರು ಬೇಕಾದರೂ ನೋಡಬಹುದು. 1921ರ ಹಾಳೆಗಳು 2022ರಲ್ಲಿ ಬಿಡುಗಡೆಯಾದವು. 1931ರವು ಬೆಂಕಿಯಲ್ಲಿ ಸುಟ್ಟುಹೋಗಿವೆ. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ.

1911ರ ಹಾಳೆ ಓದುವಾಗ ಎದೆ ಗಟ್ಟಿ ಮಾಡಿಕೊಳ್ಳಬೇಕು. ಮದುವೆಯಾದ ಹೆಂಗಸರ ಬಗ್ಗೆ ಆ ವರ್ಷ ಹೊಸ ಪ್ರಶ್ನೆಗಳಿದ್ದವು: ಈ ಮದುವೆಯಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಜನ ಉಳಿದಿದ್ದಾರೆ, ಎಷ್ಟು ಜನ ತೀರಿಕೊಂಡರು. ಬಂದರಿನ ಓಣಿಗಳ ಹಾಳೆ ತಿರುವಿದರೆ ಮೂರನೆಯ ಖಾನೆ ಮತ್ತೆ ಮತ್ತೆ ತುಂಬಿರುತ್ತದೆ. ಎರಡು ಗಣತಿಗಳ ನಡುವೆ ಹುಟ್ಟಿ ಸತ್ತ ಮಗುವಿಗೆ ಯಾವ ಗಣತಿಯಲ್ಲೂ ಹೆಸರಿಲ್ಲ. ಈ ಒಂದು ಅಂಕಿಯಿಂದಲೇ ಮರಿಮೊಮ್ಮಕ್ಕಳು, ಇನ್ನೊಂದು ಮಗು ಇತ್ತು ಎಂದು ತಿಳಿದು ಹುಡುಕಲು ಹೊರಡುತ್ತಾರೆ.

ಹೆಬ್ಬೆಟ್ಟಿನ ಬದಲು ಗೀಟು

1837ರ ಜುಲೈ 1ರಿಂದ ಹುಟ್ಟು, ಮದುವೆ, ಸಾವುಗಳ ಸರ್ಕಾರಿ ನೋಂದಣಿ ಬಂತು. ಮದುವೆಯ ಕಾಗದದಲ್ಲಿ ಗಂಡು ಹೆಣ್ಣಿನ ವಯಸ್ಸು, ಕೆಲಸ, ವಿಳಾಸ, ಇಬ್ಬರ ತಂದೆಯರ ಹೆಸರು ಮತ್ತು ಕಸುಬು ಇರುತ್ತವೆ. ಕೆಳಗೆ ಸಹಿ. ಓದು ಬಾರದವರು ಅಲ್ಲಿ ಅಡ್ಡ ಗೀಟು ಎಳೆಯುತ್ತಿದ್ದರು, ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದ ಹಾಗೆ. ಆ ಮನುಷ್ಯನ ಕೈಯಿಂದ ಮೂಡಿದ್ದು ಅಂತ ಉಳಿದಿರುವುದು ಎಷ್ಟೋ ಮನೆಗಳಿಗೆ ಆ ಗೀಟು ಒಂದೇ.

ಹೆಸರು ಬರೆದವನು ಗುಮಾಸ್ತ. ಕಿವಿಗೆ ಬಿದ್ದ ಹಾಗೆ ಬರೆದ. ಒಂದೇ ಮನೆತನದ ಹೆಸರು ಮೂರು ಕಾಗದದಲ್ಲಿ ಮೂರು ಥರ ಇರುತ್ತದೆ. ಕ್ಯಾಥೊಲಿಕ್ ಚರ್ಚಿನ ಪುಸ್ತಕದಲ್ಲಿ ಲ್ಯಾಟಿನ್ ಭಾಷೆ, ಹಾಗಾಗಿ ಅಲ್ಲಿ ಪ್ಯಾಟ್ರಿಕ್ ಹೋಗಿ ಪ್ಯಾಟ್ರೀಸಿಯಸ್ ಆಗುತ್ತಾನೆ. ಅದೇ ಹೆಸರಿನವರು ಒಂದೇ ಓಣಿಯಲ್ಲಿ ನಾಲ್ಕು ಜನ ಇದ್ದರೆ ಇವನೇ ನಮ್ಮವನು ಎಂದು ಹೇಳಲು ಹೆಂಡತಿಯ ಹೆಸರು, ತಂದೆಯ ಕಸುಬು, ಮನೆಯ ನಂಬರು ಎಲ್ಲ ಕೂಡಬೇಕು. ಒಂದು ಹೊಂದಿದರೆ ಸಾಲದು.

ಮನೆ ಯಾಕೆ ಬದಲಾಗುತ್ತಲೇ ಇತ್ತು?

ಮಕ್ಕಳ ಹುಟ್ಟಿನ ಕಾಗದಗಳನ್ನು ಸಾಲಾಗಿ ಇಟ್ಟರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಪ್ರತಿ ಮಗುವಿಗೂ ಬೇರೆ ಬೇರೆ ವಿಳಾಸ. ಆದರೆ ಎಲ್ಲವೂ ಬಂದರಿನಿಂದ ನಡೆದುಹೋಗುವಷ್ಟು ಹತ್ತಿರ.

ಕಾರಣ ಕಾಗದದಲ್ಲಿ ಸಿಗುವುದಿಲ್ಲ. ಅದಕ್ಕೆ ಆ ಊರಿನ ಕೂಲಿ ಪದ್ಧತಿ ತಿಳಿಯಬೇಕು. ಹಡಗು ಬಂದರೆ ಕೆಲಸ, ಗಾಳಿ ತಿರುಗಿ ಹಡಗು ತಡವಾದರೆ ಉಪವಾಸ. ಬೆಳಿಗ್ಗೆ ಕೂಲಿಯವರು ಗೊತ್ತಾದ ಜಾಗದಲ್ಲಿ ಗುಂಪಾಗಿ ನಿಲ್ಲಬೇಕು, ಮೇಸ್ತ್ರಿ ಬಂದು ಬೇಕಾದವರನ್ನು ಆರಿಸಿಕೊಳ್ಳಬೇಕು. ಎಷ್ಟೋ ಸಲ ಅರ್ಧ ದಿನಕ್ಕೆ ಮಾತ್ರ ಕರೆ. ಮಧ್ಯಾಹ್ನ ಮತ್ತೆ ಹೋಗಿ ನಿಲ್ಲಬೇಕು. ನಮ್ಮ ಪೇಟೆಗಳ ಕೂಲಿ ಅಡ್ಡಾ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ದುಡಿಮೆಯಲ್ಲಿ ಬಾಡಿಗೆ ಬಾಕಿ ಬಿದ್ದರೆ ಮನೆ ಬದಲಾಯಿಸಬೇಕು. ಮುಂಜಾನೆಯೇ ಅಡ್ಡಾದಲ್ಲಿ ಇರಬೇಕಾದ್ದರಿಂದ ದೂರ ಹೋಗುವಂತೆಯೂ ಇಲ್ಲ.

1912ರಲ್ಲಿ ಲಿವರ್‌ಪೂಲ್ ಬಂದರಿನ ಕೂಲಿಯವರಿಗೆ ನಂಬರು ಹಾಕಿದ ಲೋಹದ ಬಿಲ್ಲೆ ಕೊಟ್ಟು ನೋಂದಾಯಿಸುವ ಏರ್ಪಾಡು ಬಂತು. ಎಷ್ಟೋ ಮನೆಗಳಲ್ಲಿ ಅಂಥ ಬಿಲ್ಲೆ ಈಗ ಕುಟುಂಬದ ಆಸ್ತಿ. ಆದರೆ ದಿನಗೂಲಿಯ ಪದ್ಧತಿ ಪೂರ್ತಿ ಹೋಗಲು 1967ರವರೆಗೆ ಕಾಯಬೇಕಾಯಿತು.

ಕಷ್ಟ ಬಂದಾಗ ಹೆಸರು ಬಂತು

ದುಡಿದ ದಿನ ಬರೆಯದವರು, ಬಿದ್ದ ದಿನ ಬರೆದುಕೊಂಡರು. ಲಿವರ್‌ಪೂಲಿನ ಬ್ರೌನ್‌ಲೋ ಹಿಲ್ ಎಂಬಲ್ಲಿ ದೊಡ್ಡದೊಂದು ವರ್ಕ್‌ಹೌಸ್ ಇತ್ತು. ಗತಿಯಿಲ್ಲದವರಿಗೆ ಊಟ, ಜಾಗ ಕೊಟ್ಟು ಕೆಲಸ ಮಾಡಿಸುವ ಕಟ್ಟಡ. ಒಳಗೆ ಹೋದ ಕುಟುಂಬದ ಗಂಡಸರು, ಹೆಂಗಸರು, ಮಕ್ಕಳು ಬೇರೆ ಬೇರೆ ವಿಭಾಗಗಳಲ್ಲಿ ಇರಬೇಕಿತ್ತು. ಜನ ಅದಕ್ಕೆ ಹೆದರುತ್ತಿದ್ದರು. ಕಾಲು ಮುರಿದುಕೊಂಡ ಹಮಾಲ, ಗಂಡ ಸಮುದ್ರದಲ್ಲಿ ಸತ್ತ ಹೆಂಗಸು, ಮುದುಕರು ಕೊನೆಗೆ ಅಲ್ಲಿಗೇ ಬರಬೇಕು. ಅಲ್ಲಿನ ಪುಸ್ತಕದಲ್ಲಿ ಹೆಸರು, ವಯಸ್ಸು, ಸೇರಿದ ದಿನ, ಬಿಟ್ಟ ದಿನ ಇರುತ್ತವೆ.

ಆ ಕಟ್ಟಡವನ್ನು 1930ರ ದಶಕದಲ್ಲಿ ಕೆಡವಿದರು. ಅದೇ ಜಾಗದಲ್ಲಿ 1967ರಲ್ಲಿ ಕ್ಯಾಥೊಲಿಕ್ ಕ್ಯಾಥೆಡ್ರಲ್ ತೆರೆಯಿತು.

ಹಾಗಾಗಿ ಹುಡುಕುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು ಎಂದು ನಮಗೆ ಅನ್ನಿಸುತ್ತದೆ. ಬಡವನ ಕಾಗದಗಳನ್ನಷ್ಟೇ ಓದಿದರೆ ಅವನ ಬದುಕೆಲ್ಲ ಕಾಯಿಲೆ, ಸಾಲ, ಸಾವು ಎಂದೇ ಕಾಣುತ್ತದೆ. ಅಧಿಕಾರಿಗೆ ಅವನು ಬೇಕಾಗಿದ್ದು ಅಂಥ ದಿನ ಮಾತ್ರ. ಉಳಿದ ಸಾವಿರಾರು ದಿನ ಅವನು ಕೆಲಸ ಮಾಡಿದ, ಗೆಳೆಯರ ಜೊತೆ ನಕ್ಕ, ಮಕ್ಕಳನ್ನು ಎತ್ತಿಕೊಂಡ. ಆ ದಿನಗಳಿಗೆ ರಿಜಿಸ್ಟರ್ ಇಲ್ಲ.

ಖಾಲಿ ಬಿಟ್ಟ ಖಾನೆ

ಹೆಂಗಸರ ಪಾಡು ಇನ್ನೂ ಕಷ್ಟ. ಬಟ್ಟೆ ಒಗೆದು, ಬೀದಿಯಲ್ಲಿ ಮಾರಾಟ ಮಾಡಿ ಮನೆ ನಡೆಸಿದವರ ಕೆಲಸದ ಖಾನೆಯನ್ನು ಗಣತಿಯವರು ಎಷ್ಟೋ ಸಲ ಖಾಲಿ ಬಿಟ್ಟಿದ್ದಾರೆ. ಮದುವೆಯ ಕಾಗದದಲ್ಲಿ ತಂದೆಯ ಹೆಸರಿಗೆ ಮಾತ್ರ ಜಾಗ ಇತ್ತು. ತಾಯಿಯ ಹೆಸರಿಗೂ ಜಾಗ ಬಂದದ್ದು 2021ರ ಮೇ ತಿಂಗಳಲ್ಲಿ. ಅಂದರೆ 1837ರಿಂದ ಲೆಕ್ಕ ಹಾಕಿದರೆ 180 ವರ್ಷಕ್ಕೂ ಹೆಚ್ಚು. ಮಗುವಿನ ಹುಟ್ಟಿನ ಕಾಗದದಲ್ಲಿ ತಾಯಿಯ ತವರಿನ ಹೆಸರು ಇರುತ್ತದೆ. ಹೆಣ್ಣಿನ ಕಡೆಯ ವಂಶ ಹುಡುಕುವವರಿಗೆ ಅದೇ ದಾರಿದೀಪ.

ದಾರಿ ಮುಗಿಯುವ ಕಡೆ

ಬಹಳ ಜನರ ಹುಡುಕಾಟ ಒಂದೇ ಪದಕ್ಕೆ ಬಂದು ನಿಲ್ಲುತ್ತದೆ: ‘ಐರ್ಲೆಂಡ್’. ಅಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಿದ್ದಾಗ 1847ರ ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಜನ ಲಿವರ್‌ಪೂಲಿಗೆ ಬಂದಿಳಿದರು. ಎಷ್ಟೋ ಜನ ಅಮೆರಿಕಕ್ಕೆ ಹೋದರು. ಹಣವಿಲ್ಲದವರು ನೆಲಮಾಳಿಗೆಗಳಲ್ಲಿ ಉಳಿದರು. ಜ್ವರ ಹರಡಿತು. ಊರಿಗೊಬ್ಬ ಆರೋಗ್ಯಾಧಿಕಾರಿಯನ್ನು ನೇಮಿಸಿದ್ದು ಇಡೀ ದೇಶದಲ್ಲಿ ಲಿವರ್‌ಪೂಲೇ ಮೊದಲು, ಅದೇ 1847ರಲ್ಲಿ. ಅವರು ಡಾ. ವಿಲಿಯಂ ಹೆನ್ರಿ ಡಂಕನ್.

ಗಣತಿಯವನು ಹುಟ್ಟಿದ ಊರು ಕೇಳಿದಾಗ ಆ ಜನ ತಮ್ಮ ಹಳ್ಳಿಯ ಹೆಸರು ಹೇಳಿದ್ದಿರಬಹುದು. ಅವನು ಬರೆದುಕೊಂಡಿದ್ದು ದೇಶದ ಹೆಸರು ಮಾತ್ರ. ಒಂದು ಪದ ಹೆಚ್ಚು ಬರೆದಿದ್ದರೆ ಇವತ್ತು ಅವರ ಮರಿಮೊಮ್ಮಗಳಿಗೆ ತನ್ನ ಹಳ್ಳಿ ಯಾವುದೆಂದು ಗೊತ್ತಿರುತ್ತಿತ್ತು.

ಈಗ ಮತ್ತೆ ಆ ಅಂಡಿಗೆಯ ಹತ್ತಿರ ಬರೋಣ. ಆ ತುದಿಯಲ್ಲಿ ಅದನ್ನು ಇಳಿಸಿದವನ ಹೆಸರಿಲ್ಲ. ಈ ತುದಿಯಲ್ಲಿ ಎರೆಹೊಲದಲ್ಲಿ ಬಗ್ಗಿ ಹತ್ತಿ ಬಿಡಿಸಿದ ಹೆಣ್ಣುಮಗಳ ಹೆಸರೂ ಇಲ್ಲ. ನಡುವೆ ಹತ್ತಿಯ ದರ ಮಾತ್ರ ಅಚ್ಚಾಗಿ ಉಳಿದಿದೆ.

ಇದನ್ನು ಓದುತ್ತಿರುವ ನಿಮಗೆ ನಿಮ್ಮ ಅಜ್ಜಿಯ ತಾಯಿಯ ಹೆಸರು ಗೊತ್ತೇ? ಅವರು ಹುಟ್ಟಿದ ಊರು, ಮಾಡಿದ ಕೆಲಸ? ಮನೆಯಲ್ಲಿ ಹೇಳುವವರು ಇನ್ನೂ ಇದ್ದರೆ ಇವತ್ತೇ ಕೇಳಿ ಬರೆದಿಡಿ. ಊರಿನ ಹೆಸರನ್ನು ತಪ್ಪದೆ ಬರೆಯಿರಿ.