ಕ್ಯಾಲ್ಕುಲೇಟರಿಗೊಂದು ಕಿವಿ

ಬ್ಯಾಂಕಿನವರಿಗೂ ಕ್ಯಾಲ್ಕುಲೇಟರಿಗೂ ಬಿಡಿಸಲಾಗದ ನಂಟು. ಮುಂಬಯಿಗೆ ಬಂದು ಮೂವತ್ತು ವರ್ಷವಾಯಿತು, ಒತ್ತಿ ಒತ್ತಿ ಸವೆಸಿದ ಗುಂಡಿಗಳಿಗೆ ಲೆಕ್ಕವಿಲ್ಲ. ಆದರೆ ಇವತ್ತಿನ ಕಥೆ ನಮ್ಮ ಕೌಂಟರಿನ ಕ್ಯಾಲ್ಕುಲೇಟರಿನದಲ್ಲ. ಅಮೆರಿಕದ ಶಾಲಾಮಕ್ಕಳ ಬ್ಯಾಗಿನಲ್ಲಿರುವ ಗ್ರಾಫಿಂಗ್ ಕ್ಯಾಲ್ಕುಲೇಟರಿನದು. ಸಮೀಕರಣ ಕೊಟ್ಟರೆ ಪುಟ್ಟ ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದಲ್ಲ, ಅದು. (ನಾನು ಬಿ.ಕಾಂ. ಓದಿದವನು. ನನಗೆ ಅರ್ಥವಾದ ಹಾಗೆ ಸರಳವಾಗಿ ಬರೆಯುತ್ತೇನೆ.)

ಇಂಥದ್ದನ್ನು ಮೊದಲು ಮಾರಿದ್ದು ಜಪಾನಿನ ಕ್ಯಾಸಿಯೋ, 1985ರಲ್ಲಿ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಂದರೆ ಟಿಐ ಕಂಪನಿ 1990ರಲ್ಲಿ ಟಿಐ-81 ತಂದಿತು. 1995ರಿಂದ ಅಲ್ಲಿನ ಎಪಿ ಕ್ಯಾಲ್ಕುಲಸ್ ಪರೀಕ್ಷೆಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಬೇಕೇ ಬೇಕು ಎಂದಾಯಿತು. ಲಾಗ್ ಟೇಬಲ್ ಪುಸ್ತಕವನ್ನೇ ನಂಬಿದ್ದ ನಮ್ಮಂಥವರಿಗೆ ಇದು ಸೋಜಿಗವೇ! ಹೀಗೆ ಪರೀಕ್ಷೆಯ ದೆಸೆಯಿಂದ ಲಕ್ಷಾಂತರ ಹುಡುಗರ ಕೈಗೆ ಒಂದೊಂದು ಪುಟ್ಟ ಕಂಪ್ಯೂಟರ್ ಬಂತು.

ಹುಡುಗರು ಸುಮ್ಮನಿರುತ್ತಾರೆಯೇ? ಟಿಐ-85ರಲ್ಲಿ ಯಂತ್ರಭಾಷೆಯ ಪ್ರೋಗ್ರಾಂ ನಡೆಸಲು ಕಂಪನಿ ದಾರಿ ಕೊಟ್ಟಿರಲಿಲ್ಲ. ಹವ್ಯಾಸಿಗಳು ಅದರ ಮೆಮೊರಿಯ ಬ್ಯಾಕಪ್ಪನ್ನು ಕಂಪ್ಯೂಟರಿಗೆ ಇಳಿಸಿ, ತಿದ್ದಿ, ಮತ್ತೆ ತುಂಬಿದರು. 1995ರಲ್ಲಿ 'ಝೆಡ್‌ಶೆಲ್' ಹುಟ್ಟಿದ್ದು ಹೀಗೆ. ಮುಂದೆ ಟಿಐ-83 ಬಂದಾಗ ಕಂಪನಿ ತಾನೇ ಆ ಬಾಗಿಲು ತೆರೆದಿಟ್ಟಿತು.

1999ರಲ್ಲಿ ಟಿಐ-83 ಪ್ಲಸ್ ಬಂತು. ಒಳಗಿದ್ದದ್ದು 1976ರ ವಿನ್ಯಾಸದ ಝೆಡ್-80 ಪ್ರೊಸೆಸರ್. ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕೆ. ಅದೇ ವರ್ಷ ವೈ-ಫೈ ಎಂಬ ಹೆಸರೂ ಹುಟ್ಟಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಕೀಚೈನಿನಷ್ಟು ಪುಟ್ಟ ವೈ-ಫೈ ಪತ್ತೆ ಯಂತ್ರಗಳು ಅಂಗಡಿಗೆ ಬಂದವು. ಗುಂಡಿ ಒತ್ತಿದರೆ ಹತ್ತಿರದ ಸಿಗ್ನಲ್ಲಿಗೆ ತಕ್ಕಂತೆ ದೀಪ ಹತ್ತುತ್ತಿತ್ತು. ಇದನ್ನೇ ಕ್ಯಾಲ್ಕುಲೇಟರಿಗೆ ಜೋಡಿಸಿದರೆ ಹೇಗೆ?

ಕ್ಯಾಲ್ಕುಲೇಟರ್ ಒಂದೇ ಆ ಅಲೆಯನ್ನು ಹಿಡಿಯಲಾರದು. ವೈ-ಫೈ ಅಲೆ ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುತ್ತದೆ. ಈ ಪ್ರೊಸೆಸರಿನ ಗಡಿಯಾರದ ಬಡಿತ 60 ಲಕ್ಷ. ಅಂದರೆ ನಾನೂರು ಪಟ್ಟು ವ್ಯತ್ಯಾಸ! ಆದ್ದರಿಂದ ಕೇಳುವ ಕೆಲಸ ಪತ್ತೆ ಯಂತ್ರದ್ದು, ತೋರಿಸುವ ಕೆಲಸ ಕ್ಯಾಲ್ಕುಲೇಟರಿನದು. ಎರಡು ಕ್ಯಾಲ್ಕುಲೇಟರುಗಳನ್ನು ಜೋಡಿಸಲೆಂದು ಕೊಟ್ಟಿದ್ದ 2.5 ಮಿ.ಮೀ. ತೂತಿನಲ್ಲಿ ಎರಡು ತಂತಿ, ಒಂದು ಅರ್ಥ್. ಒಂದೊಂದು ತಂತಿಗೂ 'ಇದೆ', 'ಇಲ್ಲ' ಎಂಬ ಎರಡೇ ಸ್ಥಿತಿ. ಎರಡು ಸೇರಿದರೆ ನಾಲ್ಕು. ಸಿಗ್ನಲ್ ಇಲ್ಲ, ಸ್ವಲ್ಪ ಇದೆ, ಪರವಾಗಿಲ್ಲ, ಜೋರಾಗಿದೆ ಎಂದು ತಿಳಿಸಲು ಇಷ್ಟು ಸಾಕು. ಒಂದು ಸಣ್ಣ ಪ್ರೋಗ್ರಾಂ ಅದನ್ನು ಓದಿ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಲಾಭವೇನು ಎಂದು ಕೇಳಬೇಡಿ. ಕಲಿತದ್ದೇ ಲಾಭ.

2009ರಲ್ಲಿ ವಿಷಯ ಕೋರ್ಟು ಕಾನೂನಿನ ಮಾತಿಗೆ ತಿರುಗಿತು. ಟಿಐ-83 ಪ್ಲಸ್‌ಗೆ ಕಂಪನಿಯ ಡಿಜಿಟಲ್ ಸಹಿ ಇಲ್ಲದ ಆಪರೇಟಿಂಗ್ ಸಿಸ್ಟಂ ಹಾಕಲಾಗುತ್ತಿರಲಿಲ್ಲ. ಆ ಸಹಿಗೆ ಕಾವಲಿದ್ದದ್ದು ಸುಮಾರು 155 ಅಂಕಿಗಳ ಒಂದು ಸಂಖ್ಯೆ. ಅಷ್ಟು ದೊಡ್ಡ ಸಂಖ್ಯೆಯ ಅಪವರ್ತನಗಳನ್ನು 1999ರಲ್ಲಿ ಸಂಶೋಧಕರ ತಂಡವೊಂದು ನೂರಾರು ಕಂಪ್ಯೂಟರ್ ಹೂಡಿ ಕಂಡುಹಿಡಿದಿತ್ತು. ಹತ್ತು ವರ್ಷದ ನಂತರ ಒಬ್ಬ ಹವ್ಯಾಸಿ ಮನೆಯ ಕಂಪ್ಯೂಟರಿನಲ್ಲೇ ಟಿಐ ಸಂಖ್ಯೆಯನ್ನು ಒಡೆದ. ಕಂಪನಿ ಕೃತಿಸ್ವಾಮ್ಯದ ಕಾನೂನು ತೋರಿಸಿ, ಅದನ್ನು ಪ್ರಕಟಿಸಿದವರಿಗೆ ನೋಟಿಸು ಕಳಿಸಿತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಹವ್ಯಾಸಿಗಳ ಪರ ನಿಂತಿತು.

ನನ್ನ ವೃತ್ತಿಯಲ್ಲಿ ಬೀಗ, ಸಹಿ ಎರಡೂ ಪವಿತ್ರ. ಆದರೂ ಒಂದು ಮಾತು. ಬ್ಯಾಂಕ್ ಲಾಕರಿಗೆ ಎರಡು ಕೀಲಿ: ಒಂದು ನಮ್ಮದು, ಇನ್ನೊಂದು ಗ್ರಾಹಕನದು. ಇಲ್ಲಿ ದುಡ್ಡು ಕೊಟ್ಟು ಕೊಂಡವನ ಕೈಯಲ್ಲಿ ಕೀಲಿಯೇ ಇಲ್ಲ!

ಕಂಪನಿಯ ಅಳುಕೂ ಸುಳ್ಳಲ್ಲ. 2020ರಲ್ಲಿ ಅದು ಪರೀಕ್ಷೆಯ ಭದ್ರತೆಯ ಕಾರಣ ಕೊಟ್ಟು ಟಿಐ-84 ಪ್ಲಸ್ ಸಿಇಯ ಹೊಸ ಆವೃತ್ತಿಯಿಂದ ಯಂತ್ರಭಾಷೆಯ ಸೌಲಭ್ಯ ತೆಗೆದುಹಾಕಿತು. 2024ರಲ್ಲಿ ಒಬ್ಬ ಹವ್ಯಾಸಿ ಟಿಐ-84ರ ಹೊಟ್ಟೆಯೊಳಗೇ ವೈ-ಫೈ ಬೋರ್ಡು ಕೂರಿಸಿ, ಚಾಟ್‌ಜಿಪಿಟಿಯಿಂದ ಉತ್ತರ ತರಿಸಿ ತೋರಿಸಿದ. ಹಳೆಯ ಆಟಿಕೆ ಬರೀ ಕೇಳುವ ಕಿವಿಯಾಗಿತ್ತು, ಇದು ಮಾತಾಡುವ ಬಾಯಿ. ಪರೀಕ್ಷೆಯ ಕೋಣೆಯಲ್ಲಿ ಎರಡೂ ಒಂದೇ ಅಲ್ಲ.

ಆ ಕೋಣೆಯಲ್ಲಿ ಮೇಲ್ವಿಚಾರಕರು ಎಷ್ಟು ಬೇಕಾದರೂ ಬಿಗಿ ಮಾಡಲಿ, ಬೇಡವೆನ್ನುವವರು ಯಾರು? ಆದರೆ ಮೂರು ಗಂಟೆಯ ಪರೀಕ್ಷೆಗಾಗಿ ಹಾಕಿದ ಬೀಗ ಮಗುವಿನ ಮೇಜಿನ ಮೇಲೆ ವರ್ಷವಿಡೀ ಇರಬೇಕೇ? ಹಳೆಯ ರೇಡಿಯೋ ಬಿಚ್ಚಿ ಬೈಸಿಕೊಂಡೇ ಕೆಲಸ ಕಲಿತವರು ನಮ್ಮೂರುಗಳಲ್ಲಿ ಎಷ್ಟು ಜನರಿಲ್ಲ! ನಿಮ್ಮ ಮನೆಯ ಮಗು ಸ್ಕ್ರೂಡ್ರೈವರ್ ಹುಡುಕುತ್ತಿದ್ದರೆ, ಬ್ಯಾಟರಿ ತೆಗೆದಿದೆಯೇ ಎಂದು ನೋಡಿ, ಕೊಟ್ಟುಬಿಡಿ.